ಕಲ್ಲುಬಾನಿಗೆ ಹೇಳಿದ ಹೆಸರು

ಆ ಬುಧವಾರ ಜೊಹರಕ್ಕ ನಮ್ಮ ಅಡುಗೆಮನೆಯಲ್ಲಿ ನಿಂತು ಶುಕ್ರವಾರದ ಪಾಯಸಕ್ಕೆ ಗೇರುಬೀಜ ಹುರಿಯುತ್ತಿದ್ದರು. ನಾನು ಬಾಗಿಲ ಹತ್ತಿರ ಕುರ್ಚಿ ಹಾಕಿಕೊಂಡು ಮಗುವಿಗೆ ಹಾಲು ಕೊಡುತ್ತಿದ್ದೆ. ಹೊರಗೆ ದೋಹಾದ ಅಲ್ ಹಿಲಾಲ್ ಬಡಾವಣೆಯ ಮನೆಗಳ ಬಿಳಿ ಗೋಡೆಗಳ ಮೇಲೆ ಜನವರಿಯ ಬಿಸಿಲು. ಚಳಿಗಾಲದಲ್ಲಿ ಮಾತ್ರ ಆ ಊರಿನ ಬಿಸಿಲಿಗೆ ಮೈ ಒಡ್ಡಿ ಕೂರಲು ಮನಸ್ಸಾಗುತ್ತದೆ. ಜೊಹರಕ್ಕ ಉಪ್ಪಿನಂಗಡಿ ಕಡೆಯ ಬ್ಯಾರಿ ಮುಸ್ಲಿಮರು. ಅವರ ಮನೆಯವರು ಬಹಳ ಹಿಂದೆಯೇ ದೋಹಾಕ್ಕೆ ಬಂದು ಬಟ್ಟೆ ಅಂಗಡಿ ಹಾಕಿದ್ದರು. ಒಂದೇ ವಿಲ್ಲಾದ ಆಚೆ ಭಾಗದಲ್ಲಿ ಅವರು, ಈಚೆಯ ಎರಡು ಕೋಣೆಯಲ್ಲಿ ನಾವು. ನನ್ನ ಬಾಣಂತನವನ್ನು ಅಮ್ಮನ ಬದಲು ಮಾಡಿದ್ದು ಅವರೇ. ಮಗುವನ್ನು ಕಾಲಿನ ಮೇಲೆ ಮಲಗಿಸಿ ನೀರು ಹಾಕುವಾಗ "ನಿನ್ನದು ಸೋದರಮಾವನ ಮೂಗು ಮಾರಾಯ್ತಿ, ಇಲ್ಲಿಂದ ದುಖಾನಿಗೆ ಕಾಣ್ತದೆ" ಎಂದು ಅದರ ಜೊತೆ ಮಾತಾಡುತ್ತಿದ್ದರು.

ದುಖಾನ್ ಎಂದರೆ ಪಶ್ಚಿಮ ಕಡಲಿನ ಬದಿಯ ಎಣ್ಣೆಬಾವಿಗಳ ಊರು. ನನ್ನ ಅಣ್ಣ ಸದಾಶಿವ ಅಲ್ಲಿ ಫಿಟ್ಟರ್ ಆಗಿದ್ದ. ನನ್ನ ಯಜಮಾನರು ಪಕ್ಕದ ಬಡಾವಣೆ ನಜ್ಮಾದ ಒಂದು ಸ್ಪೇರ್ ಪಾರ್ಟ್ಸ್ ಅಂಗಡಿಯಲ್ಲಿ ಸೇಲ್ಸ್‌ಮನ್. ನನಗೆ ಈ ಗಂಡನನ್ನು ಹುಡುಕಿದ್ದೂ ಅಣ್ಣನೇ, ನಮ್ಮಿಬ್ಬರನ್ನು ಕತಾರಿಗೆ ಕರೆಸಿಕೊಂಡದ್ದೂ ಅಣ್ಣನೇ.

ಮಗುವಿಗೆ ಇನ್ನೂ ಹೆಸರು ಇಟ್ಟಿರಲಿಲ್ಲ. ತುಳುವಿನಲ್ಲಿ ಎಳೆಮಗುವಿಗೆ ಬಾಲೆ ಎನ್ನುತ್ತೇವೆ. ನಾವೆಲ್ಲ ಅವಳನ್ನು ಹಾಗೇ ಕರೆಯುತ್ತಿದ್ದೆವು. ಆಸ್ಪತ್ರೆಯವರು ಕಾಲಿಗೆ ಕಟ್ಟಿದ ಪಟ್ಟಿಯಲ್ಲಿ 'ಶಶಿಕಲಾಳ ಮಗು' ಎಂದಷ್ಟೇ ಇತ್ತು. ನಮ್ಮ ಮನೆತನದಲ್ಲಿ ಹೆಸರು ಹುಡುಕುವುದು ಸೋದರಮಾವನ ಕೆಲಸ. ತೊಟ್ಟಿಲಿಗೆ ಹಾಕುವ ದಿನ ಅವನೇ ಮಗುವಿನ ಕಿವಿಯಲ್ಲಿ ಹೆಸರು ಹೇಳಬೇಕು. ಅಲ್ಲಿಯವರೆಗೆ ತಾಯಿಗೂ ತಿಳಿಸುವ ಕ್ರಮವಿಲ್ಲ. ಯಾರ ಹೆಸರೋ ಅವರೇ ಮೊದಲು ಕೇಳಬೇಕು ಎಂದು ನಮ್ಮ ಅಜ್ಜಿ ಹೇಳುತ್ತಿದ್ದರು. ಹನ್ನೆರಡನೆಯ ದಿನ ಆಗಬೇಕಾದ ಕಾರ್ಯ ಅದು. ಆದರೆ ಆ ದಿನ ವಾರದ ನಡುವೆ ಬಂತು. ಅಣ್ಣನ ಕಂಪೆನಿಯಲ್ಲಿ ಶಟ್‌ಡೌನ್, ಅಂದರೆ ಯಂತ್ರಗಳನ್ನೆಲ್ಲ ನಿಲ್ಲಿಸಿ ರಿಪೇರಿ ಮಾಡುವ ಸಮಯ. ಶುಕ್ರವಾರ ಬಿಟ್ಟರೆ ಯಾರಿಗೂ ರಜೆ ಇಲ್ಲ. ಶುಕ್ರವಾರ ಮಾಡುವ ಎಂದ. ನಾವೂ ಹೂಂ ಎಂದೆವು. ಗಲ್ಫಿನಲ್ಲಿ ನಮ್ಮವರ ಚೌತಿ, ದೀಪಾವಳಿ, ಮಕ್ಕಳ ಹುಟ್ಟುಹಬ್ಬ ಎಲ್ಲವೂ ಶುಕ್ರವಾರವೇ ಬರುತ್ತವೆ. ಪಂಚಾಂಗ ಏನೇ ಹೇಳಲಿ, ರಜೆ ಇದ್ದ ದಿನವೇ ಒಳ್ಳೆಯ ದಿನ. ಅದರಲ್ಲಿ ಯಾರಿಗೂ ತಪ್ಪು ಕಾಣುತ್ತಿರಲಿಲ್ಲ.

ಬುಧವಾರ ಸಂಜೆ ಅಣ್ಣ ಫೋನ್ ಮಾಡಿದ. ಹಿಂದೆ ಗ್ರೈಂಡರಿನ ಸದ್ದು ಕೇಳುತ್ತಿತ್ತು. ಡ್ಯೂಟಿ ಮುಗಿದ ಮೇಲೆ ವರ್ಕ್‌ಶಾಪಿನಲ್ಲಿ ನಿಂತು ಯಂತ್ರ ಬಂದ ಪೆಟ್ಟಿಗೆಗಳ ಹಲಗೆಯಿಂದ ತೊಟ್ಟಿಲು ಮಾಡುತ್ತಿದ್ದ. ಮಗುವಿನ ಕೈಗೆ ತಾಗಬಾರದೆಂದು ಅಂಚುಗಳನ್ನೆಲ್ಲ ದುಂಡಗೆ ಮಾಡಿದ್ದೇನೆ, ಶುಕ್ರವಾರ ಪಿಕಪ್ಪಿನಲ್ಲಿ ಹಾಕಿಕೊಂಡು ಬರುತ್ತೇನೆ ಎಂದ. ನನ್ನ ಸೊಸೆ ಎಂತ ಮಾಡುತ್ತಾಳೆ ಎಂದು ಕೇಳಿದ. ಹೆಸರಿನ ಒಂದು ಅಕ್ಷರವನ್ನಾದರೂ ಹೇಳು ಎಂದು ನಾನು ಕಾಡಿದೆ.

"ಒಂದು ಅಕ್ಷರ ಕೊಟ್ರೆ ನೀನು ಇಡೀ ಹೆಸರು ಎಳೀತಿ. ಸಣ್ಣದಿರುವಾಗ ಹಲಸಿನ ತೊಳೆ ಎಳೀತಿದ್ದಿಯಲ್ಲ, ಹಾಗೆ" ಎಂದ. "ಮೊದಲು ಅವಳು ಕೇಳಲಿ. ಆಮೇಲೆ ನೀನು."

ಅದೇ ಕೊನೆಯ ಸಾಧಾರಣ ದಿನ. ಗುರುವಾರ ಬೆಳಿಗ್ಗೆ ಬಾಲೆ ಏಳಲಿಲ್ಲ.

ಎಳೆಮಕ್ಕಳ ಉಸಿರು ಕೆಲವೊಮ್ಮೆ ನಿದ್ದೆಯಲ್ಲೇ ನಿಂತುಹೋಗುವುದುಂಟು, ಇದರಲ್ಲಿ ಯಾರ ತಪ್ಪೂ ಇಲ್ಲ ಎಂದು ಡಾಕ್ಟರು ಹೇಳಿದರು. ಅದನ್ನು ಇವರು ನನಗೆ ತುಳುವಿನಲ್ಲಿ ಮತ್ತೆ ಮತ್ತೆ ಹೇಳಿದರು. ನನಗೆ ಮಾತು ಅರ್ಥವಾಗುತ್ತಿತ್ತು, ಆದರೆ ಅದನ್ನು ಇಟ್ಟುಕೊಳ್ಳಲು ಒಳಗೆ ಜಾಗವಿರಲಿಲ್ಲ. ಅಣ್ಣ ದುಖಾನಿನಿಂದ ಡ್ಯೂಟಿಯ ಬಟ್ಟೆಯಲ್ಲೇ ಬಂದ. ಎಣ್ಣೆಯ ಕೈಯನ್ನು ಒರೆಸಿಕೊಳ್ಳುತ್ತಾ ಬಾಗಿಲಲ್ಲೇ ನಿಂತ. ಒಳಗೆ ಬಾ ಎಂದು ಯಾರೂ ಹೇಳಲಿಲ್ಲವೋ, ಹೇಳಿದ್ದು ಅವನಿಗೆ ಕೇಳಲಿಲ್ಲವೋ ಗೊತ್ತಿಲ್ಲ.

ಅಷ್ಟು ಎಳೆಯ ಮಕ್ಕಳನ್ನು ನಮ್ಮಲ್ಲಿ ಸುಡುವುದಿಲ್ಲ, ಮಣ್ಣಿಗೆ ಕೊಡುತ್ತೇವೆ. ಊರಿಗೆ ತೆಗೆದುಕೊಂಡು ಹೋಗುವುದೇ, ಇಲ್ಲಿಯೇ ಮಾಡುವುದೇ ಎಂದು ಗಂಡಸರು ಮಾತಾಡಿಕೊಂಡರು. ದುಖಾನಿನ ಕಡೆ ಬೇರೆ ಧರ್ಮದವರಿಗೆ ಬಿಟ್ಟ ಸಣ್ಣ ಸ್ಮಶಾನವಿತ್ತು. ಕಾಗದಪತ್ರವೆಲ್ಲ ಮುಗಿದ ಮೇಲೆ ಇವರೂ ಅಣ್ಣನೂ ಅಲ್ಲಿಗೆ ಹೋದರು. ಹೆಂಗಸರು ಹೋಗುವ ಕ್ರಮವಿಲ್ಲ. ನಾನು ಕಿಟಕಿಯಲ್ಲಿ ನಿಂತು ಅಣ್ಣನ ಬಿಳಿ ಪಿಕಪ್ಪು ಗಲ್ಲಿಯ ಕೊನೆಯಲ್ಲಿ ತಿರುಗುವುದನ್ನು ನೋಡಿದೆ.

ನನ್ನ ಮೈಗೆ ಇದು ಯಾವುದೂ ತಿಳಿದಿರಲಿಲ್ಲ. ಹಾಲು ತುಂಬಿ ಎದೆ ಕಲ್ಲಾಗಿತ್ತು. ನಾಮಕರಣಕ್ಕೆಂದು ಇವರು ನಜ್ಮಾದ ಮಲಯಾಳಿ ಅಂಗಡಿಯವನಿಗೆ ಹೇಳಿ ವಿಮಾನದಲ್ಲಿ ಬರುವ ಮಲ್ಲಿಗೆ ತರಿಸಿದ್ದರು. ಒದ್ದೆ ಬಟ್ಟೆಯಲ್ಲಿ ಸುತ್ತಿದ ಆ ಹೂವು ಫ್ರಿಜ್ಜಿನಲ್ಲಿತ್ತು. ಜೊಹರಕ್ಕ ಅದನ್ನು ತೆಗೆದು, ಬಿಡಿಸಿ, ನನ್ನ ಎದೆಗೆ ಇಟ್ಟು ಹಳೆಯ ಸೀರೆಯಿಂದ ಬಿಗಿಯಾಗಿ ಕಟ್ಟಿದರು. ಮಲ್ಲಿಗೆ ಕಟ್ಟಿದರೆ ಹಾಲು ಬತ್ತುತ್ತದೆ ಎಂದು ಅವರ ತಾಯಿ ಹೇಳಿಕೊಟ್ಟಿದ್ದರಂತೆ. ಕಟ್ಟುವಾಗ ಅವರು ಮಾತಾಡಲಿಲ್ಲ. ಯಾವಾಗಲೂ ಮಾತಾಡುವವರು ಸುಮ್ಮನಿದ್ದುದರಿಂದಲೇ ನನಗೆ ಎಲ್ಲವೂ ನಿಜವೆಂದು ಅನ್ನಿಸಿದ್ದು.

ಆಮೇಲೆ ನನಗೆ ಕೂರಲು ಆಗಲಿಲ್ಲ. ಇವರು ಅಂಗಡಿಗೆ ಹೊರಟ ಮೇಲೆ ನಾನೂ ಬೀಗ ಹಾಕಿ ಹೊರಡುತ್ತಿದ್ದೆ. ಅಲ್ ಹಿಲಾಲಿನ ಗಲ್ಲಿಗಳನ್ನು ದಾಟಿ ದೊಡ್ಡ ರಸ್ತೆಗೆ ಬಂದು ನಜ್ಮಾದ ಕಡೆಗೆ ನಡೆಯುತ್ತಿದ್ದೆ. ಟೈಲರ್ ಅಂಗಡಿಗಳು, ಕೆಫೆಟೇರಿಯಾಗಳು, ಬೆಳಗಿನ ಚಹಾ ಹಿಡಿದು ಮೆಟ್ಟಿಲ ಮೇಲೆ ಕೂತ ಗಂಡಸರು. ಕೊಳ್ಳಲು ಏನೂ ಇರುತ್ತಿರಲಿಲ್ಲ. ಒಂದು ಅಂಗಡಿಗೆ ಹೊಕ್ಕು ದಾರದ ಉಂಡೆ ಮುಟ್ಟಿ ನೋಡುತ್ತಿದ್ದೆ, ಇನ್ನೊಂದರಲ್ಲಿ ಅಕ್ಕಿಯ ಬೆಲೆ ಕೇಳುತ್ತಿದ್ದೆ. ಇವರ ಅಂಗಡಿಯ ಎದುರು ಬಂದಾಗ ಆಚೆ ಬದಿಯ ಫುಟ್‌ಪಾತಿನಲ್ಲಿ ನಿಂತು ಅವರು ಯಾರಿಗೋ ಬೇರಿಂಗ್ ತೋರಿಸುವುದನ್ನು ನೋಡಿ ತಿರುಗುತ್ತಿದ್ದೆ. ಮನೆ ಹತ್ತಿರವಾದ ಹಾಗೆ ಕಾಲು ನಿಧಾನವಾಗುತ್ತಿತ್ತು. ಒಳಗೆ ಬಂದರೆ ಪಾತ್ರೆಗಳನ್ನೆಲ್ಲ ಕಪಾಟಿನಿಂದ ತೆಗೆದು ತೊಳೆದು ಮತ್ತೆ ಅಲ್ಲೇ ಇಡುವುದು. ಜೊಹರಕ್ಕ ಬಂದು "ಕೂರು ಮಾರಾಯ್ತಿ, ನಿನ್ನನ್ನು ನೋಡಿ ನನ್ನ ಕಾಲು ನೋಯ್ತದೆ" ಎನ್ನುತ್ತಿದ್ದರು.

ಆ ವರ್ಷ ಕತಾರಿನಲ್ಲಿ ಮಳೆ ಬಂತು. ಊರಿನ ಮಳೆಗೆ ಹೋಲಿಸಿದರೆ ಅದು ಮಳೆಯೇ ಅಲ್ಲ. ಆದರೆ ಆ ನೆಲಕ್ಕೆ ನೀರನ್ನು ಕುಡಿದು ಅಭ್ಯಾಸವಿಲ್ಲ. ಗಲ್ಲಿಯಲ್ಲಿ ನೀರು ನಿಂತಿತು, ಕಾರುಗಳು ಅರ್ಧ ಮುಳುಗಿದವು, ಶಾಲೆಗಳಿಗೆ ರಜೆ ಕೊಟ್ಟರು. ಜೊಹರಕ್ಕನ ಮಕ್ಕಳು ಅಂಗಳದಲ್ಲಿ ಕುಣಿಯುತ್ತಿದ್ದರು. ನನಗೆ ಒಂದೇ ಯೋಚನೆ. ಅಷ್ಟು ಸಡಿಲವಾದ ಮರಳು, ಅಷ್ಟು ಸಣ್ಣ ಗುಂಡಿ. ಮಳೆಗೆ ಅದರ ಮೇಲಿನ ಮಣ್ಣು ಕೊಚ್ಚಿಹೋಗಿರಬಹುದೇ? ನಾನು ಅಲ್ಲಿಗೆ ಹೋಗಬೇಕು ಎಂದು ಇವರ ಹತ್ತಿರ ಹೇಳಿದೆ. ಕ್ರಮವಿಲ್ಲ ಎಂದರು. ಮರುದಿನವೂ ಹೇಳಿದೆ. ಮೂರನೆಯ ಸಲ ಹೇಳಿದಾಗ ಅವರು ಊಟದ ತಟ್ಟೆಯನ್ನು ಹಾಗೇ ಬಿಟ್ಟು ಎದ್ದು ಅಂಗಳದಲ್ಲಿ ನಿಂತುಬಿಟ್ಟರು. ಅವರೂ ಸೋತಿದ್ದಾರೆ ಎಂದು ಗೊತ್ತಾದರೂ ನನ್ನ ಬಾಯಿ ನಿಲ್ಲುತ್ತಿರಲಿಲ್ಲ.

ಶಟ್‌ಡೌನ್ ಮುಗಿದ ಮೇಲೆ ಅಣ್ಣ ಪ್ರತಿ ಶುಕ್ರವಾರ ಬರತೊಡಗಿದ್ದ. ಮೀನು ತರುತ್ತಿದ್ದ, ತಾನೇ ಕೂತು ಕತ್ತರಿಸುತ್ತಿದ್ದ. ಮೊದಲಿನ ಹಾಗೆ ಇವರನ್ನು ಗೇಲಿ ಮಾಡುತ್ತಿದ್ದ: "ಭಾವ, ನಿಮ್ಮ ಅಂಗಡಿಯ ಬೇರಿಂಗ್ ಹಾಕಿದ್ರೆ ಗಾಡಿ ಹಿಂದೆ ಹೋಗ್ತದಂತೆ ಹೌದಾ?" ಇವರು ನಗುತ್ತಿದ್ದರು. ಆದರೆ ಅಣ್ಣ ನನ್ನ ಮುಖ ನೋಡುತ್ತಿರಲಿಲ್ಲ. ನಾನು ನೀರು ಕೊಟ್ಟರೆ ಲೋಟವನ್ನು ನೋಡಿ ತೆಗೆದುಕೊಳ್ಳುತ್ತಿದ್ದ. ಹೆಸರಿನ ಮಾತನ್ನು ಅವನೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ. ತೊಟ್ಟಿಲು ಏನಾಯಿತೆಂದೂ ಕೇಳಲಿಲ್ಲ.

ಫೆಬ್ರವರಿಯ ಒಂದು ಶುಕ್ರವಾರ ಬೆಳಿಗ್ಗೆಯೇ ಬಂದು, ಹೊರಡಿ, ಒಂದು ಕಡೆ ಹೋಗಿ ಬರುವ ಎಂದ. ಅವನ ಜೊತೆ ಕೆಲಸ ಮಾಡುವ ಸಾಲಿಂ ಎಂಬ ಕತಾರಿಯ ತಾಯಿ ನನ್ನನ್ನು ಕರೆದುಕೊಂಡು ಬರಲು ಹೇಳಿ ಕಳಿಸಿದ್ದಳು. ಉಮ್ ಸಾಲಿಂ, ಅಂದರೆ ಸಾಲಿಮನ ತಾಯಿ. ಎಲ್ಲರೂ ಆಕೆಯನ್ನು ಕರೆಯುವುದು ಹಾಗೆಯೇ. ಮಳೆ ಬಂದ ವರ್ಷ ಅವರ ಮನೆಯವರು ಒಂದು ಒರತೆಯ ಬಳಿ ಡೇರೆ ಹಾಕಿ ಕೂರುತ್ತಾರಂತೆ. ಎಣ್ಣೆ ಸಿಗುವ ಮೊದಲು ಅವರ ಹಿರಿಯರು ಒಂಟೆ ಮೇಯಿಸಿಕೊಂಡು ಬಂದು ಇಳಿಯುತ್ತಿದ್ದ ಜಾಗ ಅದು. ಆ ಜಾಗ ದುಖಾನಿನ ಕಡೆಯೇ ಎಂದು ಅಣ್ಣ ಹೇಳಿದಾಗ ನಾನು ಸೀರೆ ಬದಲಾಯಿಸಲು ಎದ್ದೆ.

ದಾರಿ ಉದ್ದ. ಎರಡೂ ಬದಿಗೆ ಬಣ್ಣವಿಲ್ಲದ ನೆಲ, ಅಲ್ಲಲ್ಲಿ ಮಳೆಯ ನೀರು ನಿಂತು ಆಕಾಶ ಬಿದ್ದ ಹಾಗೆ ಕಾಣುವ ತಗ್ಗುಗಳು, ದೂರದಲ್ಲಿ ಎಣ್ಣೆಬಾವಿಗಳ ಗ್ಯಾಸಿನ ಬೆಂಕಿ. ಪಿಕಪ್ಪಿನ ಮುಂದೆ ಮೂವರೂ ಒತ್ತಿಕೊಂಡು ಕೂತಿದ್ದೆವು. ಒಂದು ಕಡೆ ಅಣ್ಣ ಟಾರು ಬಿಟ್ಟು ಮಣ್ಣಿನ ದಾರಿಗೆ ಇಳಿಸಿದ. ಸುಣ್ಣಕಲ್ಲಿನ ಸಣ್ಣ ದಿಣ್ಣೆ ಹತ್ತಿ ಇಳಿದಾಗ ಕೆಳಗೆ ಹಸಿರು ಕಂಡಿತು.

ಕೆರೆ ಎನ್ನುವಷ್ಟು ದೊಡ್ಡದಲ್ಲ. ಒಂದು ತಗ್ಗು, ಅದರ ಸುತ್ತ ಆಳೆತ್ತರದ ಜೊಂಡು, ನಡುವೆ ತೆಳುವಾಗಿ ಹರಡಿದ ನೀರು. ಉದ್ದ ಕಾಲಿನ ಬಿಳಿ ಹಕ್ಕಿಗಳು ಒಂದೊಂದೇ ಹೆಜ್ಜೆ ಇಡುತ್ತಿದ್ದವು. ಬಾಗಿಲು ತೆರೆದು ಇಳಿದ ಕೂಡಲೇ ವಾಸನೆ ಬಂತು. ಕೊಳೆತ ಎಲೆ, ಹಸಿ ಕೆಸರು, ನೀರು; ನಮ್ಮೂರಿನಲ್ಲಿ ಮಳೆಗಾಲದ ಏಣೆಲು ನಾಟಿಗೆ ಹದ ಮಾಡಿದ ಗದ್ದೆಯ ವಾಸನೆ. ಕತಾರಿಗೆ ಬಂದ ಮೇಲೆ ಆ ವಾಸನೆಯನ್ನು ನಾನು ಮರೆತೇಬಿಟ್ಟಿದ್ದೆ. ಪಿಕಪ್ಪಿನ ಬಾಗಿಲು ಹಿಡಿದುಕೊಂಡು ನಿಂತೆ.

ಉಮ್ ಸಾಲಿಂ ಡೇರೆಯ ಎದುರು ಕಂಬಳಿಯ ಮೇಲೆ ಕೂತಿದ್ದಳು. ಹಣೆ ಮತ್ತು ಮೂಗನ್ನು ಮುಚ್ಚುವ ಹೊಳಪಿನ ಮುಸುಕು, ಅದರ ಹಿಂದೆ ವಯಸ್ಸಾದ ಕಣ್ಣುಗಳು. ಎದ್ದು ಬಂದು ನನ್ನ ಎರಡೂ ಕೈ ಹಿಡಿದು ಏನೋ ಹೇಳಿದಳು. ಅಣ್ಣ ತರ್ಜುಮೆ ಮಾಡಿದ: ಅವಳೂ ಇಬ್ಬರು ಮಕ್ಕಳನ್ನು ಕಳೆದುಕೊಂಡವಳಂತೆ. ಮೊದಲು ನನಗೆ ಜಾಗ ತೋರಿಸುತ್ತೇನೆ ಎಂದು ಕೈ ಹಿಡಿದೇ ಕರೆದುಕೊಂಡು ಹೋದಳು. ಜೊಂಡಿನ ಬದಿಯ ಬಂಡೆಯಲ್ಲಿ ಗೀರು ಗೀರಾಗಿ ಗುರುತುಗಳನ್ನು ಕೊರೆದಿದ್ದರು. ಒಂಟೆಗಳ ಮೈಗೆ ಹಾಕುತ್ತಿದ್ದ ಮನೆತನದ ಗುರುತುಗಳು. ಅವಳು ಬೆರಳಿನಿಂದ ಒಂದೊಂದನ್ನೇ ಸವರಿದಳು: ಇದು ಅಪ್ಪನ ಕಡೆಯದು, ಇದು ತಾಯಿಯ ಅಣ್ಣನದು. ಸೋದರಮಾವನ ಗುರುತನ್ನು ಮುಟ್ಟಿ ಬೆರಳನ್ನು ತುಟಿಗೆ ಒತ್ತಿಕೊಂಡಳು. "ನಮ್ಮ ಹಾಗೇ ಅಲ್ವಾ ಭಾವ, ಸೋದರಮಾವನಿಗೆ ಇಲ್ಲಿಯೂ ಮರ್ಯಾದೆ ಉಂಟು" ಎಂದು ಅಣ್ಣ ನಗಾಡಲು ನೋಡಿದ. ಯಾರೂ ನಗಲಿಲ್ಲ. ಅವನೂ ಅರ್ಧದಲ್ಲಿ ಬಿಟ್ಟ.

ನಾನು ಸುತ್ತಲೂ ನೋಡುತ್ತಿದ್ದೆ. ಇಲ್ಲಿಂದ ಅವಳ ಮಣ್ಣು ಯಾವ ಕಡೆ ಎಂದು ಅಣ್ಣನನ್ನು ಕೇಳಿದೆ. ಅವನು ಕೈಯನ್ನು ಪೂರ್ತಿ ಎತ್ತದೆ ಗಲ್ಲದಿಂದ ತೋರಿಸಿದ. ಆ ಕಡೆ ಬರೀ ದಿಣ್ಣೆ, ಅದರ ಮೇಲೆ ಬೆಳಕು. ಮಳೆಗೆ ಏನೂ ಆಗಿಲ್ಲ, ನಾನು ಹೋಗಿ ನೋಡಿಕೊಂಡು ಬಂದಿದ್ದೇನೆ, ಕಲ್ಲು ಇಟ್ಟಿದ್ದೇನೆ ಎಂದ. ಅಷ್ಟು ದಿನವೂ ಅದನ್ನು ಹೇಳಿರಲಿಲ್ಲ.

ಚಹಾ ಮಾಡಲು ಬೆಂಕಿ ಹಾಕಬೇಕಿತ್ತು. ಬರುವವರು ಕಟ್ಟಿಗೆ ತರುವುದು ಅಲ್ಲಿಯ ರೂಢಿ; ಆ ನೆಲದಲ್ಲಿ ಮರ ಕಡಿಯುವುದಿಲ್ಲ. ಅಣ್ಣ ಪಿಕಪ್ಪಿನ ಹಿಂದಿನಿಂದ ಹಲಗೆಗಳನ್ನು ತಂದು ಒಲೆಯ ಬಳಿ ಹಾಕಿದ. ಬಿಳಿಚಾದ ಪೆಟ್ಟಿಗೆಯ ಹಲಗೆ. ಸಾಲಿಂ ಒಂದನ್ನು ಎತ್ತಿ ಮುರಿಯಲು ನೋಡಿದಾಗ ನನ್ನ ಕಣ್ಣಿಗೆ ಅದರ ಅಂಚು ಬಿತ್ತು. ದುಂಡಗೆ ಉಜ್ಜಿ ನುಣ್ಣಗೆ ಮಾಡಿದ ಅಂಚು. ಒಲೆಗೆ ಹಾಕುವ ಕಟ್ಟಿಗೆಯನ್ನು ಯಾರೂ ಹಾಗೆ ಉಜ್ಜುವುದಿಲ್ಲ.

ಇವರಿಗೂ ತಿಳಿಯಿತು. ನನ್ನ ಹಿಂದೆ ಬಂದು ನಿಂತರು. ನಾನು ಅಳಲಿಲ್ಲ. ಸಿಟ್ಟು ಬಂತು, ಅಣ್ಣನ ಮೇಲೆ, ಹುಟ್ಟಿದ ಮೇಲೆ ಮೊದಲ ಸಲ. ಮಣ್ಣಿನ ಹತ್ತಿರ ಕರೆದುಕೊಂಡು ಹೋಗಲಿಲ್ಲ, ತೊಟ್ಟಿಲನ್ನು ಒಡೆದು ತಂದು ಬೆಂಕಿಗೆ ಹಾಕಿದ, ನನ್ನ ಹತ್ತಿರ ಅವಳದ್ದು ಎಂದು ಇರುವುದೇನು? ಹಲಗೆ ಬೇಗ ಹೊತ್ತಿಕೊಂಡಿತು. ಒಳ್ಳೆಯ ಮರ, ಹೊಗೆಯಿಲ್ಲದೆ ಉರಿಯಿತು. ಅಣ್ಣ ಒಲೆಗೆ ಬೆನ್ನು ಹಾಕಿ ಜೊಂಡಿನ ಕಡೆ ನೋಡುತ್ತಿದ್ದ.

ಚಹಾ ಆದ ಮೇಲೆ ಉಮ್ ಸಾಲಿಂ ನಮ್ಮನ್ನು ಒರತೆಯ ಕಣ್ಣಿನ ಹತ್ತಿರ ಕರೆದಳು. ಕಲ್ಲು ಕಟ್ಟಿದ ಮೋಟು ಬಾವಿ, ಬಗ್ಗಿದರೆ ಕೈಗೆ ಸಿಗುವಷ್ಟು ಮೇಲೆ ನೀರು. ಪಕ್ಕದಲ್ಲಿ ಪ್ರಾಣಿಗಳು ಕುಡಿಯಲು ಒಂದು ಕಲ್ಲುಬಾನಿ, ಅಂಚೆಲ್ಲ ಸವೆದಿತ್ತು. ಅಲ್ಲಿ ಯಾರೇ ಬಂದರೂ ಮೊದಲ ಬಕೆಟ್ಟನ್ನು ತಾವು ಕುಡಿಯುವುದಿಲ್ಲ. ಬಾನಿಗೆ ಸುರಿಯುತ್ತಾರೆ. ಸುರಿಯುವಾಗ ತೀರಿಹೋದ ತಮ್ಮವರ ಹೆಸರು ಹೇಳುತ್ತಾರೆ. ಹಕ್ಕಿ, ಒಂಟೆ, ನರಿ, ಯಾವುದೇ ಬಂದು ಕುಡಿದರೂ ಆ ಪುಣ್ಯ ಆ ಹೆಸರಿನವರಿಗೆ ಮುಟ್ಟುತ್ತದೆ ಎಂದು ಅವರ ನಂಬಿಕೆ. ಉಮ್ ಸಾಲಿಂ ತನ್ನ ಇಬ್ಬರ ಹೆಸರು ಹೇಳಿ ಎರಡು ಬಕೆಟ್ಟು ಸುರಿದಳು. ಆಮೇಲೆ ತುಂಬಿದ ಬಕೆಟ್ಟನ್ನು ನನ್ನ ಕೈಗೆ ಕೊಟ್ಟು ಅಣ್ಣನ ಕಡೆ ತಿರುಗಿದಳು.

"ಶಿಸ್ಮ್‌ಹಾ?"

ಅಷ್ಟು ಅರಬ್ಬಿ ನನಗೂ ಬರುತ್ತಿತ್ತು. ಅವಳ ಹೆಸರೇನು ಎಂದು ಕೇಳುತ್ತಿದ್ದಳು.

"ಇಸ್ಮ್ ಮಾಫಿ" ಎಂದ ಅಣ್ಣ. ಹೆಸರಿಲ್ಲ.

ಉಮ್ ಸಾಲಿಂಗೆ ಅದು ಅರ್ಥವಾಗಲಿಲ್ಲ. ಮತ್ತೆ ಕೇಳಿದಳು. ಅಣ್ಣ ನಮ್ಮ ಕ್ರಮವನ್ನೆಲ್ಲ ಅವಳಿಗೆ ಹೇಳಿರಬೇಕು. ತನ್ನ ಎದೆಯನ್ನು ಮುಟ್ಟಿ ತೋರಿಸಿದ, ಕಿವಿಯನ್ನು ಮುಟ್ಟಿದ, ಶುಕ್ರವಾರ ಎಂಬ ಪದ ಬಂತು. ಅವಳು ತಲೆ ಅಲ್ಲಾಡಿಸುತ್ತಾ ಪೂರ್ತಿ ಕೇಳಿದಳು. ಆಮೇಲೆ ನಿಧಾನವಾಗಿ ಏನೋ ಹೇಳಿದಳು. ಅಣ್ಣ ಅದನ್ನು ತರ್ಜುಮೆ ಮಾಡಲಿಲ್ಲ.

"ಎಂತ ಹೇಳಿದಳು?" ಎಂದು ಕೇಳಿದೆ.

"ಏನಿಲ್ಲ."

"ಎಂತ ಹೇಳಿದಳು ಅಣ್ಣ?"

"ಹೆಸರು ನಿನ್ನ ಹತ್ತಿರ ಉಂಟಲ್ಲ, ಮತ್ತೆ ಮಾಫಿ ಅಂತ ಯಾಕೆ ಹೇಳ್ತೀ ಅಂತ ಕೇಳಿದಳು."

ಬಕೆಟ್ಟು ಭಾರವಾಗಿತ್ತು. ಹಾಗಾದರೆ ಹೇಳು ಎಂದೆ. ಅಣ್ಣ ಅಷ್ಟು ದಿನಗಳ ಮೇಲೆ ಮೊದಲ ಸಲ ನನ್ನ ಮುಖ ನೋಡಿದ. ಹೇಳುತ್ತಾನೆ ಎಂದೇ ನಾನು ತಿಳಿದೆ. ಅವನು ನನ್ನ ಕೈಯಿಂದ ಬಕೆಟ್ಟು ತೆಗೆದುಕೊಂಡ. ಬಾನಿಯ ಬಳಿ ಮಂಡಿಯೂರಿ ಕೂತ. ತೊಟ್ಟಿಲೊಳಗೆ ಬಗ್ಗುವ ಹಾಗೆ ಬಗ್ಗಿ, ಬಾಯಿಯ ಪಕ್ಕ ಅಂಗೈ ಮರೆ ಹಿಡಿದು, ನೀರನ್ನು ಸ್ವಲ್ಪ ಸ್ವಲ್ಪವೇ ಸುರಿಯುತ್ತಾ ಹೇಳಿದ. ನೀರು ಬೀಳುವ ಸದ್ದು ಮಾತ್ರ ನನಗೆ ಕೇಳಿತು. ಅವನ ಕುತ್ತಿಗೆಯ ನರ ಅಲುಗುವುದು ಕಂಡಿತು. ನಮ್ಮಲ್ಲಿ ಕಿವಿಯಲ್ಲಿ ಹೇಳುವಾಗ ಮೂರು ಸಲ ಹೇಳಬೇಕು. ಅವನೂ ಅಷ್ಟು ಹೊತ್ತು ಬಗ್ಗಿಯೇ ಇದ್ದ.

ಎದ್ದಾಗ ಅವನ ಪ್ಯಾಂಟಿನ ಮಂಡಿ ಒದ್ದೆಯಾಗಿತ್ತು. ಉಮ್ ಸಾಲಿಂ ಬಾನಿಯನ್ನು ನೋಡಿ "ವಸ್ಲತ್" ಎಂದಳು. ಮುಟ್ಟಿತು ಎಂದು ಅದರ ಅರ್ಥ ಎಂದು ಇವರು ನನ್ನ ಕಿವಿಯಲ್ಲಿ ಹೇಳಿದರು. ಆಮೇಲೆ ನಾವೆಲ್ಲ ಆ ನೀರು ಕುಡಿದೆವು. ಮೊದಲ ಗುಟುಕಿಗೆ ಸಿಹಿ, ಕೊನೆಗೆ ನಾಲಿಗೆಯ ಮೇಲೆ ತೆಳ್ಳಗೆ ಉಪ್ಪು. ಬೇಸಿಗೆಯಲ್ಲಿ ನಮ್ಮ ಹೊಳೆಬದಿಯ ಬಾವಿಗಳ ನೀರಿನ ಹಾಗೆ.

ಹಿಂದಿರುಗುವಾಗ ದುಖಾನಿನ ಬೆಂಕಿ ಕನ್ನಡಿಯಲ್ಲಿ ಸಣ್ಣದಾಗುತ್ತಾ ಬಂತು. ಇವರು ತೂಕಡಿಸಿದ್ದರು, ಅಥವಾ ಹಾಗೆ ನಟಿಸುತ್ತಿದ್ದರು. ನಾನು ಕೇಳಿದೆ. ಈಗ ಅವಳು ಕೇಳಿಯಾಯಿತಲ್ಲ, ಆಮೇಲೆ ನೀನು ಎಂದು ನೀನೇ ಹೇಳಿದ್ದೆಯಲ್ಲ, ಈಗ ನನಗೂ ಹೇಳು ಎಂದೆ.

ಅಣ್ಣ ಗೇರು ಬದಲಾಯಿಸಿದ. ಆಮೇಲೆ ಹೇಳಿದ: "ಹೆಸರು ಗೊತ್ತಾದ್ರೆ ನೀನು ಕರೀತಿ, ಶಶಿ. ನನಗೆ ನೀನು ಗೊತ್ತಿಲ್ವಾ. ಅಡುಗೆ ಮಾಡುವಾಗ ಕರೀತಿ, ರಸ್ತೆಯಲ್ಲಿ ಕರೀತಿ. ಓ ಅಂತ ಹೇಳಲಿಕ್ಕೆ ಯಾರಿದ್ದಾರೆ?"

"ನೀನು ಕರೆಯುವುದಿಲ್ವಾ?"

"ನಾನು ಕರೀತೇನೆ" ಎಂದ. "ಅದಕ್ಕೇ ಹೇಳುವುದು, ಬೇಡ ಅಂತ."

ದೋಹಾದ ದೀಪಗಳು ಕಾಣುವವರೆಗೆ ನಾನು ಕನ್ನಡಿಯನ್ನೇ ನೋಡುತ್ತಿದ್ದೆ.

ಆ ಚಳಿಗಾಲ ಮುಗಿಯುವ ಮೊದಲು ಇನ್ನೊಂದು ಸಲ ಹೋಗಿದ್ದೆವು. ಡೇರೆ ಕಿತ್ತಿದ್ದರು. ತಗ್ಗಿನ ನೀರು ಹಿಂದೆ ಸರಿದು ಕೆಸರು ಬಿರುಕು ಬಿಟ್ಟಿತ್ತು, ಬಿಳಿ ಹಕ್ಕಿಗಳು ಇರಲಿಲ್ಲ. ಒರತೆಯಲ್ಲಿ ಮಾತ್ರ ನೀರಿತ್ತು. ಅಣ್ಣ ಮೊದಲಿನ ಹಾಗೆಯೇ ಬಗ್ಗಿ ಸುರಿದ. ನಾನು ಹತ್ತಿರ ಹೋಗಿ ನಿಂತೆ, ಆದರೂ ಕೇಳಲಿಲ್ಲ. ಏಪ್ರಿಲಿನಲ್ಲಿ ಬಿಸಿಲು ಏರಿತು, ಧೂಳಿನ ಗಾಳಿ ಬಂತು, ನನ್ನ ನಡಿಗೆ ನಿಲ್ಲಲಿಲ್ಲ. ಆ ಇಡೀ ವರ್ಷ ನಾನು ಒಂದು ಕಡೆ ಕೂತು ಊಟ ಮಾಡಿದ್ದು ನೆನಪಿಲ್ಲ. ಜೊಹರಕ್ಕ ನನಗೆ ಕೈತುತ್ತು ಕೊಡಲು ತಟ್ಟೆ ಹಿಡಿದು ಹಿಂದೆ ಬರುತ್ತಿದ್ದರು, ಬೈಯುತ್ತಲೇ.

ಮುಂದೆ ಮಗ ಹುಟ್ಟಿದಾಗ ಹನ್ನೆರಡನೆಯ ದಿನ ಮಂಗಳವಾರ ಬಂತು. ಶುಕ್ರವಾರದ ಮಾತನ್ನು ಯಾರೂ ಎತ್ತಲಿಲ್ಲ. ಅಣ್ಣ ಸಂಬಳವಿಲ್ಲದ ರಜೆ ಹಾಕಿ ಹಿಂದಿನ ದಿನವೇ ಬಂದು ನಮ್ಮ ಹೊರಕೋಣೆಯಲ್ಲಿ ಮಲಗಿದ್ದ. ಮಗುವಿನ ಕಿವಿಯಲ್ಲಿ ಹೇಳಿದವನು ತಲೆ ಎತ್ತಿದ ಕೂಡಲೇ, ಜೊಹರಕ್ಕನ ಮನೆಗೂ ಕೇಳುವ ಹಾಗೆ, ಪ್ರಸಾದ ಪ್ರಸಾದ ಎಂದು ಕೂಗಿದ. ಎಲ್ಲರೂ ನಕ್ಕರು. ನಾನೂ ನಕ್ಕೆ.

ನಾವು ಊರಿಗೆ ಬಂದು ವರ್ಷಗಳಾದವು. ಅಣ್ಣನೂ ರಿಟೈರಾಗಿ ಸುರತ್ಕಲ್ಲಿನಲ್ಲಿ ಮನೆ ಕಟ್ಟಿಸಿಕೊಂಡ. ಪ್ರಸಾದ ಈಗ ದೋಹಾದಲ್ಲಿದ್ದಾನೆ. ಹೋದ ಚಳಿಗಾಲದಲ್ಲಿ ಅ‌ವನ ಮನೆಗೆ ಹೋಗಿದ್ದಾಗ ಆ ಒರತೆಗೆ ಕರೆದುಕೊಂಡು ಹೋಗು ಎಂದೆ. ಬಹಳ ಸುತ್ತಾಡಿದ ಮೇಲೆ ಸಿಕ್ಕಿತು. ಸುತ್ತ ತಂತಿಬೇಲಿ ಹಾಕಿದ್ದಾರೆ, ಬೋರ್ಡು ಇದೆ. ಜೊಂಡು ಇನ್ನೂ ಇದೆ, ವಾಸನೆಯೂ ಅದೇ. ಬೇಲಿಯ ಆಚೆ ಕಲ್ಲುಬಾನಿ ಕಾಣುತ್ತಿತ್ತು, ಒಣಗಿತ್ತು. ನಾನು ಅಲ್ಲಿಂದಲೇ ಅಣ್ಣನಿಗೆ ಫೋನ್ ಮಾಡಿಸಿದೆ. ಪರದೆಯ ಮೇಲೆ ಅವನ ಮುಖ ಬಂತು, ಬಿಳಿ ಗಡ್ಡ, ಹಿಂದೆ ಟಿವಿಯ ಸದ್ದು. ಪ್ರಸಾದ ಫೋನನ್ನು ಬೇಲಿಯ ಕಡೆ ತಿರುಗಿಸಿ ತೋರಿಸಿದ. ಅಣ್ಣ ಕನ್ನಡಕ ಹಾಕಿಕೊಂಡು ನೋಡಿದ.

ಈಗ ಹೇಳು ಎಂದೆ. ನನಗೆ ಅರುವತ್ತು ಹತ್ತಿರ ಬಂತು, ಇನ್ನು ರಸ್ತೆಯಲ್ಲಿ ಕರೆಯುವುದಿಲ್ಲ.

"ಫೋನಿನಲ್ಲಿ ಹೇಳುವ ಸಂಗತಿಯಾ ಅದು?" ಎಂದು ನಕ್ಕ. "ಊರಿಗೆ ಬಾ. ಬಂದ ಮೇಲೆ ಹೇಳ್ತೇನೆ. ಖಂಡಿತ."

ನಾನು ಬರುವ ಮೊದಲೇ ಅವನು ಹೋದ. ಬೆಳಿಗ್ಗೆ ಕಾಫಿ ಕುಡಿದು ಪೇಪರ್ ತೆಗೆಯಲು ಗೇಟಿನ ಹತ್ತಿರ ಹೋದವನು ಅಲ್ಲೇ ಕುಸಿದನಂತೆ. ಉತ್ತರಕ್ರಿಯೆ ಮುಗಿದು ನೆಂಟರೆಲ್ಲ ಹೊರಟ ಮೇಲೆ ಅತ್ತಿಗೆಯ ಹತ್ತಿರ ಕೂತು ಕೇಳಿದೆ. ಅವರಿಗೆ ನಾನು ಏನು ಕೇಳುತ್ತಿದ್ದೇನೆಂದು ಕೂಡಲೇ ತಿಳಿಯಿತು. ಕೈ ಹಿಡಿದುಕೊಂಡು ಹೇಳಿದರು: "ನನಗೂ ಹೇಳಲಿಲ್ಲ ಶಶಿ. ಒಂದೊಂದು ದಿನ ಹಿತ್ತಿಲಿನಲ್ಲಿ ಒಬ್ಬರೇ ನಿಂತು ಎಂತದೋ ಹೇಳಿಕೊಳ್ತಿದ್ದರು. ನಾನು ಹೋದ್ರೆ ಸುಮ್ಮನಾಗ್ತಿದ್ದರು."

ಈಗ ಮತ್ತೆ ನನಗೆ ಕೂರಲು ಆಗುವುದಿಲ್ಲ. ಮನೆಯೊಳಗೆ ನಡೆಯುತ್ತೇನೆ, ಗೇಟಿನವರೆಗೆ ಹೋಗಿ ಬರುತ್ತೇನೆ. ಆ ಕಾಲದ ಹೆಣ್ಣುಮಕ್ಕಳ ಹೆಸರುಗಳನ್ನು ಒಂದೊಂದಾಗಿ ಹೇಳಿ ನೋಡುತ್ತೇನೆ. ಯಾವುದು ಅಣ್ಣನ ಬಾಯಿಗೆ ಒಪ್ಪುತ್ತದೆ ಎಂದು ಯೋಚಿಸುತ್ತೇನೆ. ಒಪ್ಪಿದಂತೆ ಅನ್ನಿಸುತ್ತದೆ, ಮರುದಿನ ಅದು ಯಾರದೋ ಹೆಸರಾಗಿರುತ್ತದೆ. ಇವರು ನೋಡಿಯೂ ನೋಡದ ಹಾಗೆ ಪೇಪರ್ ಓದುತ್ತಾರೆ.

ಬಾವಿಕಟ್ಟೆಯ ಪಕ್ಕ ಹಕ್ಕಿಗಳಿಗೆಂದು ಒಂದು ಹಳೆಯ ಕಲ್ಲುಮರಿಗೆ, ಅಂದರೆ ಕಲ್ಲಿನ ಸಣ್ಣ ಬಾನಿ, ಇಟ್ಟಿದ್ದೇನೆ. ಬೆಳಿಗ್ಗೆ ಮೊದಲ ಕೊಡ ಸೇದಿ ಸದಾಶಿವ ಎಂದು ಹೇಳಿ ಅದಕ್ಕೆ ಸುರಿಯುತ್ತೇನೆ. ಎರಡನೆಯ ಕೊಡವನ್ನೂ ಸೇದುತ್ತೇನೆ, ಅದನ್ನೂ ಸುರಿಯುತ್ತೇನೆ. ಅದಕ್ಕೆ ಹೇಳಲು ನನ್ನ ಹತ್ತಿರ ಹೆಸರಿಲ್ಲ.